ರಾಣಿಯ ಜಾಗ

ಇಟ್ಟಿಗೆಗೂಡಿನ ನಮ್ಮ ಮನೆಗೆ ರಾತ್ರಿ ಕೇಳುತ್ತಿದ್ದದ್ದು ಎರಡೇ ಸದ್ದು:
ಝೂನಲ್ಲಿ ಸಿಂಹ ಕೆಮ್ಮುವುದು,
ಕತ್ತಲಲ್ಲಿ ಅಪ್ಪಾಜಿ ಗೇಟಿನ ಚಿಲಕ ತಡಕುವುದು.
ಮೂರನೆಯದು ಬಂದದ್ದು ರಟ್ಟಿನ ಡಬ್ಬಿಯಲ್ಲಿ,
ರೇಸಿನಲ್ಲಿ ಒಂದೇ ಒಂದು ಸಲ ಅವರ ಕುದುರೆ ಗೆದ್ದ ಸಂಜೆ,
ಅರ್ಧ ಕೆಜಿ ಮೈಸೂರು ಪಾಕಿನ ಜೊತೆ.

ಹಳದಿ ಕೂದಲು. ಮಲಗಿಸಿದರೆ ಒಂದೇ ಕಣ್ಣು ಮುಚ್ಚುತ್ತಿತ್ತು.
ಹೊಟ್ಟೆ ಒತ್ತಿ ಏನಾದರೂ ಅಂದರೆ
ಕೀರಲು ದನಿಯಲ್ಲಿ ಅದನ್ನೇ ಅನ್ನುತ್ತಿತ್ತು.
ತಮ್ಮ ನಂಜರಾಜ ನಕ್ಕು ನಕ್ಕು ಬಿಕ್ಕಳಿಸಿದ.
ಅಮ್ಮ ಒಲೆ ಮುಂದಿಂದಲೇ ಅಂದಳು:
'ಈ ಮನೇಲಿ ಆಡಿದ್ದನ್ನೇ ಆಡೋಕೆ
ಇನ್ನೊಬ್ರು ಬೇಕಿತ್ತಾ?'
ಅದನ್ನೂ ಅಂದಿತು ಗೊಂಬೆ.

ವಾರದೊಳಗೆ ನಮ್ಮನ್ನು ಬಾಯಿಪಾಠ ಮಾಡಿತು.
ಹಾಲಿನವನು ಬಂದರೆ 'ಅವರಿಲ್ಲ, ಅವರಿಲ್ಲ.'
ಬೀರು ಕಿರುಗುಟ್ಟಿದರೆ 'ಎಲ್ಲಿಟ್ಟಿದ್ದೀಯ ಹೇಳು.'
ಅದರ ನಂತರದ ಸದ್ದೂ ಬರುತ್ತಿತ್ತು ಅದಕ್ಕೆ:
ಬಳೆ ಒಡೆದದ್ದು ಅದರ ಬಾಯಲ್ಲಿ
ಟಿಣ್ಣೆಂದು ಒಂದು ಸಣ್ಣ ನಗು.

ಅಮ್ಮ ಸೆಲ್ ಕಿತ್ತು ಸಾಸಿವೆ ಡಬ್ಬಿಯಲ್ಲಿ ಹೂತಳು.

ಆ ಶನಿವಾರ ರಾತ್ರಿ ನನಗೆ ಎಚ್ಚರವಾದಾಗ
ಅಪ್ಪಾಜಿ ಗೊಂಬೆಯ ಮುಂದೆ ಚಕ್ಕಳಮಕ್ಕಳ ಹಾಕಿ,
ಬಲಗಡೆ ಹೂವು ಬೀಳಲೆಂದು ಕಾಯುವವರ ಹಾಗೆ, ಕೈಮುಗಿದು
'ನಾಳೆ ಯಾವುದು, ತಾಯಿ?'
'ನಾಳೆ ಯಾವುದು, ತಾಯಿ?' ಅಂದಿತು ಅದು.
ಮತ್ತೆ ಅವರು. ಮತ್ತೆ ಅದು.
ಎಷ್ಟು ಹೊತ್ತೋ.
ಎದ್ದು ಹೋಗಿ ಮಲಗಲಪ್ಪ ಅನ್ನಿಸಿ
ಕಂಬಳಿಯೊಳಗಿಂದ, ಅದರದೇ ದನಿ ತೆಗೆದು, ಅಂದೆ:
'ಏಳು.'

ಏಳನೇ ಕುದುರೆಯ ಮೇಲೆ ಅಮ್ಮನ ಎರಡೆಳೆ ಸರ ಹೋಯಿತು.
ಮುಂದಿನ ವಾರವೂ ಏಳು, ಅದರ ಮುಂದಿನ ವಾರವೂ.
ತಾಯಿ ಸುಳ್ಳು ಹೇಳಲ್ಲ, ಕುದುರೆ ಕುಂಟಿತು ಅಷ್ಟೇ, ಅಂದರು.
ನಾನು ಬಾಯಿ ಬಿಡಲಿಲ್ಲ.

ಪಾಡ್ಯದ ದಿನ ಮೆಟ್ಟಿಲಿಗೆ ಬಿಳಿ ಪಂಚೆ ಹಾಸಿ
ಅಮ್ಮ ಟ್ರಂಕು ತೆಗೆದಳು.
ಹಳೇ ಸೀರೆಯ ಸುರುಳಿಯಲ್ಲಿ ಪಟ್ಟದ ರಾಜ ಒಬ್ಬನೇ,
ಕೈ ಮುರಿದವನು, ಯಾರೂ ಕೊಳ್ಳದವನು.
ಪಕ್ಕದ ಸುರುಳಿ ಹಗುರ.
ಬಹಳ ಹೊತ್ತು ಅದನ್ನೇ ಮಡಿಚಿ ಬಿಚ್ಚಿ ಮಾಡಿದಳು.
ಆಮೇಲೆ ತನ್ನ ಧಾರೆ ಸೀರೆಯ ಜರಿ ಕತ್ತರಿಸಿ
ಆ ಹಳದಿ ಕೂದಲಿನದಕ್ಕೆ ಸುತ್ತಿ
ರಾಣಿಯ ಜಾಗದಲ್ಲಿ ಕೂರಿಸಿದಳು.

'ಗೊಂಬೆ ಕೂರ್ಸಿದ್ದೀರಾ?' ಎಂದು ಬೀದಿಯ ಮಕ್ಕಳು,
ಹಿಂದೆ ಚೆಲುವಾಜಮ್ಮಣ್ಣಿ ಅತ್ತೆ, ಅವರ ನಾದಿನಿಯರು.
'ಇದ್ಯಾರ್ರೀ ಬಿಳಿ ರಾಣಿ?' ಅತ್ತೆ ಕೇಳಿದರು.
ಅಮ್ಮ ಆರತಿ ತಟ್ಟೆ ಎತ್ತಿದಳು.
ಮೂಲೆಯ ಕುರ್ಚಿಯಲ್ಲಿ ಅಪ್ಪಾಜಿ.
ನನ್ನ ಬಾಯಿ ತುಂಬ ಕೊಬ್ಬರಿ ಮಿಠಾಯಿ.
ನಾನಲ್ಲ. ಇವತ್ತಿಗೂ ಹೇಳುತ್ತೇನೆ, ನಾನಲ್ಲ.

'ಏಳು.'

ಹೆಂಗಸರು ಗೊಳ್ಳೆಂದು ನಕ್ಕರು,
'ನಮ್ಮನ್ನೇ ಏಳಿಸ್ತಿದೆ ನೋಡ್ರೇ' ಎಂದು ಬಾಗಿನ ಹಿಡಿದು ಎದ್ದರು.
ಅಪ್ಪಾಜಿಯೂ ಎದ್ದರು.
ಒಂದು ಚಪ್ಪಲಿ ಅವರದು, ಇನ್ನೊಂದು ಯಾರದೋ,
ಮೆಟ್ಟಿಕೊಂಡು ಹೊರಟರು. ಅವತ್ತು ರೇಸ್ ಇರಲಿಲ್ಲ.

ಅಂದಿನಿಂದ ರಾತ್ರಿಗೆ ಸಿಂಹ ಮಾತ್ರ.

ಸಾಸಿವೆ ಡಬ್ಬಿಯಲ್ಲಿ ಸೆಲ್ ಎರಡೂ ಹಾಗೇ ಇದ್ದವು,
ಹಸಿರು ಉಪ್ಪು ಬಿಟ್ಟುಕೊಂಡು.
ಅಮ್ಮ ಇರುವವರೆಗೂ ಪ್ರತಿ ದಸರೆಗೆ ಅದನ್ನೇ ಕೂರಿಸಿದಳು,
ಹೊಟ್ಟೆ ಮುಟ್ಟದೆ, ಕಂಕುಳಲ್ಲಿ ಹಿಡಿದು.

ಬೆಳಿಗ್ಗೆ ಸ್ಕೂಲ್ ವ್ಯಾನು ಹಾರನ್ ಹೊಡೆಯುತ್ತದೆ.
ಮಗಳು ಮುಸುಕೆಳೆದುಕೊಳ್ಳುತ್ತಾಳೆ.
ನಾನು ಅವಳ ಪಾದ ಅಮುಕುತ್ತೇನೆ, ಕಿಟಕಿ ತೆಗೆಯುತ್ತೇನೆ,
ಲೋಟ ಕುಟ್ಟುತ್ತೇನೆ.
ಆ ಒಂದು ಮಾತು ಮಾತ್ರ ಅನ್ನುವುದಿಲ್ಲ.