ಎರಡು ಹಿಡಿಕೆಯ ಚೀಲ

ಮಾರ್ಚ್ ಬಂತು. ಬಾಗಿಲ ಹಿಂದಿನ ಚೀಲ ಇಳಿಸಿ
ಅಡುಗೆಮನೆಯ ಮೇಜಿನ ಮೇಲೆ ಸುರಿದೆ, ನೊಲ್ಬೆರ್ತೊ.
ಟಾರ್ಚು ಮಿಣಕ್ ಎಂದು ಸತ್ತಿತು.
ಬಿಸ್ಕತ್ತು ಮೆತ್ತಗಾಗಿದೆ. ಮನೆಪತ್ರದ ನಕಲು
ಪ್ಲಾಸ್ಟಿಕ್ಕಿನೊಳಗೆ ಬೆವೆತು ಕೂತಿದೆ.

ಬಾಯಾರಿದಾಗ ಬಾವಿ ತೋಡುವವಳಲ್ಲ ನಾನು.
ದಿಚಾತೊ ಕೊಲ್ಲಿಯ ನೀರು ಒಮ್ಮೆ ಮೆಟ್ಟಿಲೇರಿ ಬಂದು
ಒಲೆಯನ್ನು ಪಾತ್ರೆ ಸಮೇತ ಒಯ್ದದ್ದು ಕಂಡವಳು.
ಗುಡ್ಡಕ್ಕೆ ಎಷ್ಟು ಹೆಜ್ಜೆ, ಕತ್ತಲಲ್ಲೂ ಬಲ್ಲೆ:
ನಾನೂರ ಹನ್ನೆರಡು. ನಿನ್ನ ಕುಂಟುಗಾಲಿಗೆ ಐನೂರು.

ನೀನು ಮಾತ್ರ
ನೆಲ ನಡುಗದ, ಸೈರನ್ ಕೂಗದ
ಒಂದು ಮಂಗಳವಾರ
ಬಸ್ಸಿಗೆ ಕಾಯುತ್ತಾ ಕೂತಲ್ಲೇ ಹೋದೆ,
ಎಣಿಸಿದ ಚಿಲ್ಲರೆ ಮುಷ್ಟಿಯಲ್ಲೇ ಇತ್ತಂತೆ.
ಅದಕ್ಕೆಂದು ನಾನು ಏನೂ ಕಟ್ಟಿಟ್ಟಿರಲಿಲ್ಲ.

ನಿನ್ನ ಬಿ.ಪಿ. ಮಾತ್ರೆ ತೆಗೆದೆ.
ಉಣ್ಣೆಯ ಕಾಲುಚೀಲ ತೆಗೆದೆ, ಮತ್ತೆ ಹಾಕಿದೆ,
ನನಗೂ ಚಳಿಯಾಗುತ್ತದೆ.
ತಳದಲ್ಲಿ, ಬ್ಯಾಂಡೇಜಿನ ಸುರುಳಿಯ ಮರೆಗೆ
ಪಿಸ್ಕೊ ಬಾಟಲಿ. ಮುಕ್ಕಾಲು ಖಾಲಿ!
ಯಾವ ಭೂಕಂಪಕ್ಕೆ ಕುಡಿದೆಯೋ ಮಾರಾಯ,
ನನಗೊಂದು ಮಾತೂ ಹೇಳದೆ?

ಒಂದು ಹಿಡಿಕೆ ನಿನಗೆ, ಒಂದು ನನಗೆ
ಎಂದು ಹೊಲಿಸಿದ್ದು ಈ ಚೀಲ.
ಎರಡನ್ನೂ ಒಂದೇ ಕೈಗೆ ಸಿಕ್ಕಿಸಿ ಎತ್ತಿ ನೋಡಿದೆ.
ಭಾರ.
ಎರಡು ಬಾಟಲಿ ನೀರು ಇಳಿಸಿದೆ.
ದೊಡ್ಡ ರೇಡಿಯೊ ಇಳಿಸಿದೆ, ಅದು ಕೇಳುತ್ತಿದ್ದವನು ನೀನೇ.
ಬಾಗಿಲಿಂದ ಬೇಲಿಯವರೆಗೆ ಹೊತ್ತು ನಡೆದೆ,
ತಿರುಗಿ ಬಂದೆ. ಆಗುತ್ತದೆ.

ಪಿಸ್ಕೊ ಇಳಿಸಲಿಲ್ಲ.
ಉಳಿದಿರುವಲ್ಲಿಗೆ ಪೆನ್ನಿನಿಂದ ಗೆರೆ ಎಳೆದಿದ್ದೇನೆ.
ಮುಂದಿನ ಮಾರ್ಚಿಗೆ ನೋಡುತ್ತೇನೆ.