ಏಳು ಕೋಟಿ ಚಿಲ್ಲರೆ

ದುಧನಿ ಸ್ಟೇಷನ್ನಿಂದ ಫೋನ್ ಬರ್ತದ.
ಗೇಟು ಮುಚ್ಚೀನಿ ಅಂತ ನಾ ಹೇಳಬೇಕು,
ಹೇಳಿದ್ದಕ್ಕ ಸಾಕ್ಷಿ ಒಂದು ಗುಪ್ತ ನಂಬರು,
ಎರಡೇ ಅಂಕಿ, ವಹಿಯೊಳಗ ಬರದು ಮ್ಯಾಲ ಗೀಟು.
ನಾ ಎಪ್ಪತ್ತಮೂರು ಅಂದ್ರ
ಗಾಯಕವಾಡ ಸಾಹೇಬ್ರ ಕಿವ್ಯಾಗ ಅದು ತ್ರ್ಯಾಹತ್ತರ್ ಆಗಬೇಕು.
ಅವರಲ್ಲಿ ಮೂರು ಮುಂದ, ಎಪ್ಪತ್ತು ಹಿಂದ.
ಒಮ್ಮೆ ಮೂವತ್ತೇಳು ಅಂತ ಬರಕೊಂಡು
ಗೂಡ್ಸ್ ಗಾಡಿ ಇಪ್ಪತ್ತು ನಿಮಿಷ ಕತ್ತಲದಾಗ ನಿಂತಿತ್ತು.
ಅವತ್ತಿಂದ ಬಿಡಿಸಿ ಹೇಳ್ತೀನಿ: ಸಾತ್. ತೀನ್.

ಶ್ರಾವಣದ ಒಂದು ರಾತ್ರಿ ನಾಕೇ ಗಾಡಿ.
ಎಪ್ಪತ್ತಮೂರು, ತೊಂಬತ್ತಮೂರು,
ತೊಂಬತ್ತೊಂದು, ಮೂವತ್ತಮೂರು.
ನಿದ್ದಿ ಓಡಸಾಕ ಒಂದೇ ಸಾಲಿನ್ಯಾಗ ಬರದೆ:
ಏಳು ಕೋಟಿ
ಮೂವತ್ತೊಂಬತ್ತು ಲಕ್ಷದ ಮೂವತ್ತೊಂಬತ್ತು ಸಾವಿರದ
ನೂರಾ ಮೂವತ್ತಮೂರು.
ಏಳು ಕೋಟಿ ಅಂದಕೂಡ್ಲೆ ಬಾಯಿಗೆ ಮೈಲಾರಲಿಂಗನ ಘೋಷ ಬಂತು.
ಭಂಡಾರ ಎಲ್ಲಿಂದ ತರ್ಲಿ, ಸುಣ್ಣದ ಖಡು ಹಾರಿಸಿದೆ.

ಭಾಗಿಸಾಕ ಕುಂತೆ.
ಅಂಕಿ ಕೂಡಿಸಿದ್ರ ಮೂವತ್ತೆಂಟು, ಮೂರರ ಮಗ್ಗಿಗಿ ಸಿಗೂದಿಲ್ಲ.
ಏಳು ಎರಡು ಉಳಿಸ್ತು. ಹದಿಮೂರು ಎಂಟು.
ನಲವತ್ತೇಳೂ ಎರಡೇ ಉಳಿಸ್ತು, ಏಳರ ಬೀಗರಂಗ.
ಐವತ್ತಮೂರಕ್ಕ ಒಂದೇ ಒಂದು ಕಮ್ಮಿ;
ಅಕ್ಕಲಕೋಟಿನ ಕಡೀ ಬಸ್ಸು
ಕಣ್ಮುಂದ ಹ್ವಾದಂಗ ಆಯ್ತು.

ಕಲಶೆಟ್ಟಿ ಮಾಸ್ತರು ವಹಿ ನೋಡಿ ಅಂದ್ರು:
ಎಂಟು ಸಾವಿರದ ಐನೂರಾ ತೊಂಬತ್ತೆಂಟರ ಆಚೆ ಹೋಗಬ್ಯಾಡ,
ಒಡೆಯೋದಿದ್ರ ಅದರೊಳಗ ಒಡೀತದ.
ಅದರೊಳಗ ಅಂದ್ರ ಸಾವಿರಕ್ಕ ಮಿಕ್ಕಿದ ಭಾಗಾಕಾರ!
ಗಾಡಿಗೂ ಗಾಡಿಗೂ ನಡುವ
ಎರಡು, ಮೂರು, ಕೆಲವು ರಾತ್ರಿ ಒಂದೂ ಇಲ್ಲ.
ಯುಗಾದಿಗೆ ಮುಗೀತು.
ಪ್ರತಿಯೊಂದರ ಕಾಲಾಗೂ ಏನರೆ ಶೇಷ.
ಗೇಟಿನ ಕಂಬ ಬಾಗ್ತದ, ಇದು ಭಾಗ ಆಗೂದಿಲ್ಲ.

ತೊಂಬತ್ತಮೂರು ಒಡೀತದ, ಮೂರು ಮೂವತ್ತೊಂದಲೆ.
ತೊಂಬತ್ತೊಂದು ಏಳು ಹದಿಮೂರಲೆ,
ಮೂವತ್ತಮೂರಂತೂ ಹುಡುಗರೂ ಒಡೀತಾರ.
ಡಬ್ಬಿಗೆ ಡಬ್ಬಿ ಕೊಂಡಿ ಬಿದ್ದ ಮ್ಯಾಲ
ಯಾವುದರ ಹಳೇ ಬಿರುಕೂ ಕಾಣೂದಿಲ್ಲ.

ಈಗ ನೋಡು ಅಂತ ಮಾಸ್ತರು
ಕಡೀ ಮೂರರ ಮ್ಯಾಲ ಹೆಬ್ಬಟ್ಟು ಇಟ್ರು.
ಉಳಿದದ್ದೂ ಒಡೀಲಾರದ್ದು.
ಇನ್ನೊಂದು ಅಂಕಿ ಮುಚ್ಚಿದ್ರು. ಅದೂ.
ಹೆಬ್ಬಟ್ಟು ಎಡಕ್ಕ ಸರೀತಾ ಸರೀತಾ
ಏಳುನೂರಾ ಮೂವತ್ತೊಂಬತ್ತು,
ಎಪ್ಪತ್ತಮೂರು,
ಏಳು.
ಗಾರ್ಡಿನ ಡಬ್ಬಿಯಿಂದ ಒಂದೊಂದೇ ಬಿಡಿಸಿದ್ರೂ
ಇಂಜಿನ್ ತನಕ ಯಾವುದೂ ಸೀಳಲಿಲ್ಲ.

ಇದನ್ನ ಮೊದಲ ಕಂಡಾಕಿ ನೀ ಅಲ್ಲವ್ವ, ಅಂದ್ರು.
ಗೊತ್ತು. ಹಳಿ ಹಾಕಿದಾಕಿನೂ ನಾ ಅಲ್ಲ.
ಬಲಕ್ಕ ಇನ್ನೊಂದು ಅಂಕಿ ಹಚ್ಚಿದ್ರ ಮಾತ್ರ
ಯಾವುದು ಹಚ್ಚಿದ್ರೂ ಒಡೀತದಂತ.
ಒಂದು ಹಚ್ಚಿದೆ, ಮೂರು ನುಂಗ್ತು. ಏಳು ಹಚ್ಚಿದೆ, ಅದನ್ನೂ.
ಸರಿಸಂಖ್ಯೆ, ಐದು, ಲೆಕ್ಕಕ್ಕಿಲ್ಲ.
ಮೂರೂ ಒಂಬತ್ತೂ ಬಾಕಿ ಅದಾವ.
ಒಡೀತಾವ ಅಂತ ಮಾಸ್ತರು ಹೇಳ್ಯಾರ,
ಎಲ್ಲಿ ಒಡೀತಾವ ಅಂತ ನಾ ಕೇಳಿಲ್ಲ.
ಇಪ್ಪತ್ತೇಳು ಸಾವಿರದ ತನಕ ಹುಡುಕಬೇಕು.
ಆಷಾಢಕ್ಕ ಈ ಗೇಟು ತಗೀತಾರ, ಕೆಳಗ ಸೇತುವಿ ಆಗ್ಯದ.
ಇವತ್ತು ಐವತ್ತೊಂಬತ್ತರ ಮಗ್ಗಿ

ತಡೀರಿ, ಫೋನ್ ಬಂತು.