ಐದನೆಯ ತಲೆ

ತಪ್ಪು ನನ್ನದೇ. ಪೆಟ್ರೋಲ್ ಬಂಕಿನಲ್ಲಿ ತಲೆ ಎಣಿಸಿದವನು ನಾನು.
ಕತ್ತಲು, ಗಾಜಿನ ಮೇಲೆ ಹಿಮದ ಪುಡಿ;
ಕನ್ನಡಿಯಲ್ಲಿ ಕಣ್ಣಾಡಿಸಿ
ಒಂದು ಎರಡು ಮೂರು ನಾಲ್ಕು ಐದು ಅಂದೆ, ಗೇರು ಹಾಕಿದೆ.
ಐದನೆಯದು
ಕಂಬಳಿ ಹೊದ್ದ ಆಂಪ್ಲಿಫೈಯರು.

ಎಂಬತ್ತು ಕಿಲೋಮೀಟರು ಕಳೆದ ಮೇಲೆ ಬೋಗ್ನಾ ಕೇಳಿದಳು:
"ತಿಮೋನ್ ಯಾಕೆ ಇವತ್ತು ಗೊರಕೆ ಹೊಡೀತಿಲ್ಲ?"
ಅವನ ಫೋನು ಅವನ ಸೀಟಿನಲ್ಲೇ ಮಿಣಕ್ಕೆಂದಿತು.
ಬೇಸ್ ಗಿಟಾರು ಮಾತ್ರ ಇರಲಿಲ್ಲ.
ಅದನ್ನವನು ಪಾಯಿಖಾನೆಗೂ ಹೊತ್ತೊಯ್ಯುತ್ತಾನೆ,
ನಮ್ಮನ್ನು ನಂಬದೆ.

ಸುವಾವ್ಕಿಯ ಈಜುಕೊಳದ ಅಡಿಗೆ ಆ ಕ್ಲಬ್ಬು.
ಹಿಂದೆ ನೀರು ಕಾಯಿಸುತ್ತಿದ್ದ ನೆಲಮಾಳಿಗೆ,
ಗೋಡೆಗೆ ಈಗಲೂ ಕ್ಲೋರಿನ್ನಿನ ವಾಸನೆ.
ಮಾಲೀಕ ಮಿರೋಸ್ವಾವ್, ಗೂಳಿಯ ಕತ್ತು, ಗುಬ್ಬಿಯ ದನಿ:
"ಹನ್ನೊಂದು ಟಿಕೆಟ್ ಹೋಗಿವೆ.
ಏಳು ಜನ ನನ್ನ ಅಕ್ಕನ ಮಗಳ ಕಡೆಯವರು,
ಶನಿವಾರ ಅವಳ ಮದುವೆ, ಕುಣಿಯುವಂಥದ್ದು ಬೇಕಂತೆ."
ನಾವು ಗ್ಲಿವೀತ್ಸೆಯವರು.
ನಮ್ಮ ಹಾಡುಗಳು ಗಣಿ ಕುಸಿದದ್ದರ ಮೇಲೆ, ಹಲ್ಲುನೋವಿನ ಮೇಲೆ,
ಒಂದು, ರಾದೆಕ್ ಬರೆದದ್ದು, ತೆರಿಗೆ ಇಲಾಖೆಯ ಮೇಲೆ.

ಶುರುವಾಯಿತು. ಬೇಸಿಲ್ಲದ ಹಾಡು ತಳವಿಲ್ಲದ ಕೊಡ,
ಎಷ್ಟು ಸುರಿದರೂ ನಮ್ಮ ಕಾಲಮೇಲೇ ಬೀಳುತ್ತಿತ್ತು.
ಎರಡನೆಯದಕ್ಕೆ ಗ್ನೇವ್ಕೋನ ಪೆಡಲು ಮುರಿಯಿತು.
ಬೂಟುಗಾಲಲ್ಲೇ ಡ್ರಮ್ಮನ್ನು ಒದೆಯತೊಡಗಿದ,
ಸಾಲ ತೀರಿಸದವನ ಬಾಗಿಲು ಒದೆಯುವ ಹಾಗೆ.
ಮೂರನೆಯದಕ್ಕೆ ಮದುಮಗಳು ವೇದಿಕೆ ಹತ್ತಿದಳು,
ಬೆಳ್ಳಿಬಣ್ಣದ ಹೀಲು, ತಲೆಯ ಮೇಲೆ ಪ್ಲಾಸ್ಟಿಕ್ ಕಿರೀಟ;
ಮೈಕು ಕಿತ್ತುಕೊಂಡು ಅಂದಳು,
"ನನಗೆ ಬೇಡ. ನನಗೆ ಬೇಡ ಇದು."
ಗೆಳತಿಯರು ಸಿಳ್ಳೆ ಹಾಕಿದರು, ಹಾಡಿನ ಸಾಲೆಂದುಕೊಂಡು.
ಇಜಾ ಕೀಬೋರ್ಡಿನ ಮೇಲೆ ಒಂದೇ ಸ್ವರವನ್ನು
ಅಷ್ಟು ಹೊತ್ತೂ ಹಿಡಿದೇ ಇದ್ದಳು,
ಜಾರುವ ಮಗುವಿನ ತೋಳು ಹಿಡಿದಂತೆ.

ನಾಲ್ಕನೆಯದರ ನಡುವೆ ಮೇಲಿನ ಕೊಳವೆ ಬಿರಿಯಿತು.
ಹನಿಯಲ್ಲ, ಧಾರೆ. ಅದೂ ಉಗುರುಬೆಚ್ಚಗೆ.
ಮಿರೋಸ್ವಾವ್ ಮೇನ್ ಸ್ವಿಚ್ ಎಳೆದ.
ಕತ್ತಲು. ಯಾರದೋ ಹೀಲು, ಯಾರದೋ ಪಾದ.
ನಾನು ಆಂಪ್ಲಿಫೈಯರನ್ನು ಎದೆಗವಚಿಕೊಂಡು ಮೆಟ್ಟಿಲೇರಿದೆ.
ವ್ಯಾನಿನ ಹಿಂಭಾಗಕ್ಕೆ ಅದನ್ನು ಬರಿಮೈಯಲ್ಲೇ ನೂಕಿ
ಕಂಬಳಿಯನ್ನು ಸೀಟಿನ ಮೇಲೆಸೆದೆ.
ಅರ್ಧ ಹಣ ಕೊಟ್ಟರು. ಉಳಿದರ್ಧಕ್ಕೆ
ಒಂದು ಬಕೆಟ್ ಉಪ್ಪು ಹಾಕಿದ ಸೌತೆಕಾಯಿ.

ರಾತ್ರಿ ಒಂದೂವರೆಗೆ ತಿಮೋನ್ ಬಂದ,
ಹಂದಿ ಸಾಗಿಸುವ ಲಾರಿಯಿಂದಿಳಿದು, ಹಂದಿಯದೇ ವಾಸನೆ ಹೊತ್ತು.
ಬೈಯಲಿಲ್ಲ.
"ಶುರುವಾಯ್ತಾ?" ಅಂದ.
ನಾವೆಲ್ಲ ಬೀದಿದೀಪದಡಿ ಸೌತೆಕಾಯಿ ಕಡಿಯುತ್ತ ನಿಂತಿದ್ದೆವು,
ಬಾಯಿ ತುಂಬಿದ್ದು ಒಳ್ಳೆಯದೇ ಆಯಿತು.

ಅವನು ಕೆಳಗಿಳಿದ. ಹಿಂದೆಯೇ ನಾನೂ.
ಹಾಲೀನಾ ಎಂಬಾಕೆ ಬ್ಯಾಟರಿಯನ್ನು ಸ್ಪೀಕರಿನ ಮೇಲಿಟ್ಟು ನೆಲ ಒರೆಸುತ್ತಿದ್ದಳು.
ಅವನು ಸ್ಟೂಲಿನ ಮೇಲೆ ಕೂತು, ಯಾವ ತಂತಿಯನ್ನೂ ಎಲ್ಲಿಗೂ ಚುಚ್ಚದೆ
ಮೊದಲ ಹಾಡಿನಿಂದ ನುಡಿಸತೊಡಗಿದ,
ಗಿಟಾರು ಬರಬೇಕಾದಲ್ಲಿ ಗಿಟಾರಿಗೆ ಕಾದು,
ಬೋಗ್ನಾ ಉಸಿರೆಳೆದುಕೊಳ್ಳುವಲ್ಲಿ ತಾನೂ ನಿಂತು.
ಕರೆಂಟಿಲ್ಲದ ಬೇಸು ಎಷ್ಟು ಕೇಳೀತು?
ಪಕ್ಕದ ಮನೆಯಲ್ಲಿ ಯಾರೋ ಹಿಟ್ಟು ನಾದಿದಷ್ಟು.
ನಾಲ್ಕು ತಿಂಗಳು ಇವರನ್ನು ಊರೂರಿಗೆ ಹೊತ್ತಿದ್ದೇನೆ,
ಈ ಹಾಡುಗಳಿಗೆ ಇಂಥ ತಳ ಇದ್ದದ್ದು ನನಗೆ ಗೊತ್ತಿರಲಿಲ್ಲ.
ಹಲ್ಲುನೋವಿನ ಹಾಡಿಗೆ ಹಾಲೀನಾ ಕೈ ನಿಲ್ಲಿಸಿದಳು.
"ಚೆನ್ನಾಗಿದೆ," ಅಂದಳು. ಆಮೇಲೆ,
"ಕಾಲೆತ್ತು, ಅಡಿಗೆ ಒರೆಸಬೇಕು."
ಅವನು ಎತ್ತಿದ. ನುಡಿಸುತ್ತಲೇ.

ಎರಡೂವರೆಗೆ ಹೊರಟೆವು. ಈ ಸಲ ಕಣ್ಣನ್ನು ನಂಬಲಿಲ್ಲ,
ಒಬ್ಬೊಬ್ಬರ ತಲೆಯನ್ನೂ ಮುಟ್ಟಿ ಎಣಿಸಿದೆ.
ಒಂದು ಎರಡು ಮೂರು ನಾಲ್ಕು. ಹಂದಿ ವಾಸನೆಯದು ಐದು.
ಕೊನೆಯ ಸೀಟಿನಲ್ಲಿ ಕಂಬಳಿ.
ಕೈಯಿಟ್ಟೆ. ಬೆಚ್ಚಗಿತ್ತು.
ಅಂಚಿನಿಂದ ಒಂದು ಬೆಳ್ಳಿ ಹೀಲು ಇಣುಕಿ
ಮೆಲ್ಲಗೆ ಒಳಗೆ ಸರಿಯಿತು.

ನಾನು ಎಣಿಕೆಯಲ್ಲಿ ಮೊದಲಿಂದಲೂ ಹಿಂದೆ.
ಐದು, ಅಂದೆ ಗಟ್ಟಿಯಾಗಿ.
ಗೇರು ಹಾಕಿದೆ.